ಕೂಳೆ ಹೊಲಕ್ಕೆ ಇಳಿದ ಸಾಹೇಬರು

ನಾನು ಚಿಕ್ಕವನಿದ್ದಾಗ ಬೀದರಿನ ವಾಯುನೆಲೆ ಕಡೆಯಿಂದ ವಿಮಾನ ಬಂದರೆ ಸಾಕು, ಅಪ್ಪನ ಬೈಗುಳ ಶುರುವಾಗುತ್ತಿತ್ತು. ನಮ್ಮದು ಕುರಿ ಕಾಯುವ ಮನೆ. ಆ ಸದ್ದಿಗೆ ಕುರಿಗಳು ಬೆದರಿ, ಮೇಯುವುದು ಬಿಟ್ಟು ಮುದ್ದೆಗಟ್ಟುತ್ತಿದ್ದವು. "ಮ್ಯಾಲ ಹಾರಾವ್ರಿಗೆ ಕೆಳಗಿನವರ ತ್ರಾಸು ಹ್ಯಾಂಗ ತಿಳೀಬೇಕು!" ಎಂದು ಅಪ್ಪ ಆಕಾಶಕ್ಕೇ ಬಡಿಗೆ ತೋರಿಸುತ್ತಿದ್ದ.

ಒಂದು ದಿನ ಕೊಡಂಬಲದ ಹತ್ತಿರ, ಜೋಳ ಕೊಯ್ದ ಹೊಲದಲ್ಲಿ ಅಪ್ಪ, ಅಕ್ಕ, ನಾನು ಕುರಿ ಬಿಟ್ಟಿದ್ದೆವು. ಒಂದು ಸಣ್ಣ ವಿಮಾನ ಕೆಮ್ಮುತ್ತಾ ಬಂತು, ನೆತ್ತಿಯ ಮೇಲೆಯೇ ಅದರ ಸದ್ದು ನಿಂತುಹೋಯಿತು. ಸುತ್ತಲೂ ಬರೀ ಕಲ್ಲು, ಜಾಲಿ, ಎದೆಯೆತ್ತರದ ತೊಗರಿ. ಇಳಿಯಲು ಇದ್ದದ್ದು ಇದೊಂದೇ ಬಯಲು, ಅದರ ತುಂಬ ನಮ್ಮ ಕುರಿ!

ಕೂಗಿ ಬೆದರಿಸಿದರೆ ಕುರಿಗಳು ಅಲ್ಲೇ ಮುದ್ದೆಗಟ್ಟಿ ನಿಲ್ಲುತ್ತವೆ. ಅಪ್ಪನಿಗೆ ಅದು ಗೊತ್ತು. "ಮುಂದಿನ ಕುರೀದು ಮರಿ ಎತ್ಕೊಂಡು ಓಡವ್ವಾ!" ಎಂದು ಅಕ್ಕನಿಗೆ ಕೂಗಿದ. ಅಕ್ಕನಿಗೆ ಆಗ ಹನ್ನೊಂದು ವರ್ಷ. ಮರಿಯನ್ನು ಎದೆಗವಚಿ ಓಡಿದಳು. ಮರಿ ಅರಚಿತು. ತಾಯಿ ಅದರ ಬೆನ್ನು ಹತ್ತಿತು, ತಾಯಿಯ ಬೆನ್ನಿಗೆ ಇಡೀ ಹಿಂಡು. ಜೋಳದ ಕೂಳೆ ಚುಚ್ಚಿ ಅಕ್ಕನ ಬರಿಗಾಲಲ್ಲಿ ರಕ್ತ ಸೋರುತ್ತಿತ್ತು, ಅವಳು ನಿಲ್ಲಲಿಲ್ಲ. ಕೊನೆಯ ಕುರಿ ಬದು ದಾಟಿತೋ ಇಲ್ಲವೋ, ವಿಮಾನ ನೆಲಕ್ಕೆ ಬಡಿದು, ಧೂಳೆಬ್ಬಿಸುತ್ತಾ ಹೊಲದ ತುದಿಗೆ ಹೋಗಿ ನಿಂತಿತು.

ಇಬ್ಬರು ಇಳಿದರು. ವಿಮಾನ ಹಾರಿಸಲು ಕಲಿಯುತ್ತಿದ್ದ ಹುಡುಗನೊಬ್ಬ, ನರೆತ ಮೀಸೆಯ ಸಾಹೇಬರೊಬ್ಬರು. ಬೈಗುಳವೆಲ್ಲ ಮರೆತು ಅಪ್ಪ ಹೆಗಲ ಕಂಬಳಿ ಹಾಸಿದ. "ಬರ್ರಿ ಸಾಹೇಬ್ರ, ಕುಂದರ್ರಿ." ಕಂಬಳಿ ನಮಗೆ ದೇವರು, ಅದನ್ನು ಯಾರೂ ಚಪ್ಪಲಿಗಾಲಲ್ಲಿ ತುಳಿಯುವುದಿಲ್ಲ. ಆದರೆ ಅಷ್ಟು ದೊಡ್ಡವರಿಗೆ ಹೇಳುವುದು ಹ್ಯಾಂಗ? ಅವರು ಕಂಬಳಿ ನೋಡಿದರು, ಅಪ್ಪನ ಬರಿಗಾಲು ನೋಡಿದರು, ಬಗ್ಗಿ ಬೂಟಿನ ಲಾಡಿ ಬಿಚ್ಚಿದರು.

ಆ ಹುಡುಗ ಹಿಂದಿಯಲ್ಲಿ ಹೇಳಿದ್ದು ಕೇಳಿ ನಾನು ಬಾಯಿ ತೆರೆದವನು ಮುಚ್ಚಲೇ ಇಲ್ಲ. ಈ ಸಾಹೇಬರು ಹರೆಯದಲ್ಲಿ ಯುದ್ಧವಿಮಾನ ಹಾರಿಸಿದವರಂತೆ. ಗುಂಡು ಬಿದ್ದು ರೆಕ್ಕೆ ಹರಿದರೂ ವಿಮಾನವನ್ನು ಬಿಡದೆ ತಮ್ಮ ನೆಲೆಗೆ ತಂದವರಂತೆ. ಈಗ ವಾಯುಪಡೆಯಲ್ಲಿ ದೊಡ್ಡ ಕಮಾಂಡರ್, ಆದರೂ ಹೊಸಬರಿಗೆ ಕಲಿಸಲು ತಾವೇ ಹತ್ತುತ್ತಾರಂತೆ.

"ಯುದ್ಧದಾಗ ಅಂಜಿಕಿ ಆಗಲಿಲ್ಲೇನ್ರಿ?" ಎಂದು ಅಪ್ಪ ತನಗೆ ಬರುತ್ತಿದ್ದ ದಖನಿ ಉರ್ದುವಿನಲ್ಲಿ ಕೇಳಿದ.

"ಆಗಿತ್ತು. ಆದರೆ ಇವತ್ತು ಕೆಳಗೆ ನಿಮ್ಮ ಮಕ್ಕಳನ್ನು ಕಂಡಾಗ ಆದಷ್ಟು ಅಲ್ಲ" ಎಂದರು. ಆಮೇಲೆ ಬರಿಗಾಲಲ್ಲೇ ಎದ್ದು ನಿಂತು ಅಕ್ಕನಿಗೆ ಸೆಲ್ಯೂಟ್ ಹೊಡೆದರು.

ಅಕ್ಕನಿಗೆ ಎಲ್ಲಿಂದ ಧೈರ್ಯ ಬಂತೋ! "ನಾನೂ ವಿಮಾನ ಹಾರಸ್ತೀನ್ರಿ. ಕಲಸ್ತೀರೇನು?" ಎಂದಳು.

ಸಾಹೇಬರು ತಲೆ ತಗ್ಗಿಸಿದರು. "ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇನ್ನೂ ಬಿಡುವುದಿಲ್ಲ, ಮಗಳೇ."

ಈ ಕಥೆ ಕೇಳುತ್ತಿರುವ ಮಕ್ಕಳೇ, ನೀವು ಬಸ್ಸು ಹತ್ತಿ ಹುಮನಾಬಾದಿನ ಶಾಲೆಗೆ ಹೋಗುತ್ತೀರಿ. ಅಕ್ಕ ಶಾಲೆಯ ಮೆಟ್ಟಿಲನ್ನೂ ತುಳಿಯಲಿಲ್ಲ. ಮೊನ್ನೆ ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ನನ್ನ ಮೊಮ್ಮಗಳು, "ಅಜ್ಜಾ, ಈಗ ಹುಡುಗೀರೂ ಯುದ್ಧವಿಮಾನ ಹಾರಸ್ತಾರ, ಅಷ್ಟೂ ಗೊತ್ತಿಲ್ಲೇನು ನಿನಗ?" ಎಂದು ನಕ್ಕಳು. ನಾನು ಅರ್ಧ ಊಟಕ್ಕೇ ಎದ್ದೆ. ಕೈ ತೊಳೆದು ಬಸವಕಲ್ಯಾಣದಲ್ಲಿರುವ ಅಕ್ಕನಿಗೆ ಫೋನು ಹಚ್ಚಿ ಹೇಳಿದೆ.



"ಖರೇನೇನೋ ತಮ್ಮಾ?" ಅಂದಳು ಅಕ್ಕ.