ಶಂಖ ಊದಿದ ಹುಡುಗ

ಮಕ್ಕಳಿಗೆ ಸಾಹಸದ ಕಾದಂಬರಿ ಬರೆಯುವವರ ಮೇಲೆ ನನಗೆ ಈಗಲೂ ಒಂದು ಸಿಟ್ಟಿದೆ. ಅದು ಶುರುವಾದದ್ದು ಅರವತ್ತರ ದಶಕದಲ್ಲಿ, ಪುಂಜಾಲಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ.

ಸಂಜೆ ನಾನು ಶಾಲೆಯಿಂದ ಬರುವಾಗ ಅಮ್ಮ, ದೊಡ್ಡಮ್ಮ, ಅಕ್ಕಪಕ್ಕದ ಹೆಂಗಸರು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿರುತ್ತಿದ್ದರು. ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಅವರಿಗೆ ಕಥೆ ಓದಿ ಹೇಳುವುದು ನನ್ನ ಕೆಲಸ. ಪುಸ್ತಕ ಕನ್ನಡದ್ದು, ಹೇಳುವುದು ತುಳುವಿನಲ್ಲಿ. ನಡುವೆ ನಾನು ಏನು ಸೇರಿಸಿದರೂ ಏನು ಬಿಟ್ಟರೂ ಕೇಳುವವರಿಲ್ಲ.

ಆ ಸಲ ಶಾಲೆಯ ಕಪಾಟಿನಿಂದ ತಂದದ್ದು ಒಂದು ದಪ್ಪ ಕಾದಂಬರಿ. ರಾಣಿಯೊಬ್ಬಳ ಕಾಲ, ಕಡಲಲ್ಲಿ ಪರಂಗಿಯವರ ಹಡಗು, ಕೋಟೆಯ ಬಾಗಿಲಲ್ಲಿ ಮಲಗಿದ ಕಲ್ಲಿನ ಆನೆಗಳು. ಅವನ್ನು ಎಬ್ಬಿಸುವ ಶಂಖ ತರಲು ಹುಡುಗನೊಬ್ಬ ಮನೆಯಲ್ಲಿ ಹೇಳದೆ ಹೊರಡುತ್ತಾನೆ.

ಅಲ್ಲಿಗೇ ದೊಡ್ಡಮ್ಮನ ಕೈ ನಿಂತಿತು. ಅವರ ಮಗನೂ ಅಪ್ಪನ ಹತ್ತಿರ ಜಗಳ ಮಾಡಿ, ಹೇಳದೆ ಕೇಳದೆ ಬೊಂಬಾಯಿಗೆ ಹೋಗಿದ್ದ. ಹೋಟೆಲಿಗೆ ಸೇರಿದ್ದಾನೆ ಎಂದು ಯಾರೋ ಹೇಳಿದ್ದು ಬಿಟ್ಟರೆ, ಮಳೆಗಾಲ ಕಳೆದರೂ ಸುದ್ದಿಯಿಲ್ಲ. ದೊಡ್ಡಮ್ಮ ಆ ಕಥೆಯನ್ನು ಶಕುನದ ಹಾಗೆ ಹಿಡಿದುಕೊಂಡರು. ಹುಡುಗ ಸುರಂಗ ದಾಟಿದ ದಿನ ಎರಡು ತುತ್ತು ಹೆಚ್ಚು ಉಂಡರು. ಹೆಬ್ಬಾವಿನ ಹಿಡಿತಕ್ಕೆ ಸಿಕ್ಕಿದ ದಿನ ತಟ್ಟೆಯ ಮುಂದೆ ಕೂರಲೇ ಇಲ್ಲ. ಆ ಹುಡುಗ ಮನೆಗೆ ಬಂದರೆ ತನ್ನ ಮಗನೂ ಬರುತ್ತಾನೆ ಎಂದು ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಆದರೆ ತಡೆಯಲಾಗದೆ ನಾನು ಆಗಲೇ ಕೊನೆಯನ್ನು ಓದಿಬಿಟ್ಟಿದ್ದೆ. ಶಂಖ ಊದಿದವನು ತಾನೇ ಕಲ್ಲಾಗಬೇಕು. ಹುಡುಗ ಊದುತ್ತಾನೆ, ಆನೆಗಳು ಏಳುತ್ತವೆ, ರಾಜ್ಯ ಉಳಿಯುತ್ತದೆ, ಅವನು ಬಾಗಿಲಲ್ಲಿ ಕಲ್ಲಾಗಿ ನಿಲ್ಲುತ್ತಾನೆ. ಅದಕ್ಕೆ ಪುಟ ತುಂಬ ಒಂದು ಚಿತ್ರ ಬೇರೆ.

ಕೆಲವು ದಿನ ತಲೆನೋವು ಎಂದು ತಪ್ಪಿಸಿಕೊಂಡೆ. ಕೊನೆಗೆ ದೊಡ್ಡಮ್ಮ ಬಿಡಲಿಲ್ಲ. ಕೊನೆಯ ಅಧ್ಯಾಯಕ್ಕೆ ನಾನು ಪುಸ್ತಕದಲ್ಲಿ ಇಲ್ಲದ ಗಾಳಿ, ಮಳೆ, ಕಾವಲುಗಾರರನ್ನೆಲ್ಲ ತಂದು ಎಳೆದೆ. ಎಳೆದದ್ದೇ ತಪ್ಪಾಯಿತು. ಹುಡುಗ ಶಂಖವನ್ನು ತುಟಿಗಿಡುವ ಹೊತ್ತಿಗೆ ಸರಿಯಾಗಿ ಅಜ್ಜಿ ದೀಪ ಹಚ್ಚಿ ತಂದರು. ದೀಪದ ಹೊತ್ತಿನಲ್ಲಿ ಆಡಿದ ಕೆಟ್ಟ ಮಾತಿಗೆ ದೇವತೆಗಳು ಅಸ್ತು ಅಂದುಬಿಡುತ್ತಾರೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬೀಡಿ ಎಲೆಯ ಕತ್ತರಿಗಳೆಲ್ಲ ನಿಂತವು. ದೊಡ್ಡಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಊದಿದ," ಎಂದೆ. "ಆನೆಗಳು ಎದ್ದವು. ಅವನು ಮನೆಗೆ ಹೋದ."

ಯಾರೋ ಉಸಿರು ಬಿಟ್ಟರು. ದೊಡ್ಡಮ್ಮ ಮಾತ್ರ ಕೈಯ ಹೊಗೆಸೊಪ್ಪಿನ ಪುಡಿಯನ್ನು ಸೆರಗಿಗೆ ಒರೆಸಿ ಪುಸ್ತಕ ತೆಗೆದುಕೊಂಡರು. ಅಕ್ಷರ ಬಾರದಿದ್ದರೇನು, ಚಿತ್ರ ನೋಡಲು ಕಣ್ಣಿತ್ತಲ್ಲ. ಚಿತ್ರ ಬಿಡಿಸಿದ ಪುಣ್ಯಾತ್ಮ ಹುಡುಗನ ತಲೆಯ ಮೇಲೆ ಒಂದು ಹಕ್ಕಿಯನ್ನು ಕೂರಿಸಿದ್ದ.

"ಇದು ಕಾಗೆ ಅಲ್ವಾ?"

ತಲೆಯ ಮೇಲೆ ಕಾಗೆ ಕೂತರೆ ಸಾವು ಎಂದು ನಮ್ಮ ಕಡೆ ಹೆದರದವರಿಲ್ಲ.

"ಪಾರಿವಾಳ, ದೊಡ್ಡಮ್ಮ. ಶಾಯಿ ಕಪ್ಪು ಉಂಟಲ್ಲ, ಹಾಗೆ ಕಾಣ್ತದೆ."

ಅವರು ತುಂಬ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ ಕೊಟ್ಟು ಎಲೆ ಕತ್ತರಿಸತೊಡಗಿದರು.

ದೀಪಾವಳಿ ಕಳೆದ ಮೇಲೆ ಅವರ ಮಗ ಮಂಗಳೂರಿನ ಬಸ್ಸಿನಿಂದ ಇಳಿದು ಬಂದ, ಮೈ ಅರ್ಧಕ್ಕರ್ಧ ಇಳಿದುಹೋಗಿತ್ತು. ಮರುದಿನ ಬೆಳಿಗ್ಗೆ ಅವನು ಒಳಗೆ ಗಂಜಿ ಉಣ್ಣುತ್ತಿದ್ದಾಗ ದೊಡ್ಡಮ್ಮ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು.

"ಈಗ ಹೇಳು. ಆ ಹುಡುಗನಿಗೆ ಎಂತ ಆಯಿತು?"

ಕಲ್ಲಾದ ಎಂದೆ. ಅವರು ಗೊತ್ತಿದ್ದವರ ಹಾಗೆ ತಲೆಯಾಡಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವನ ಅಮ್ಮನಿಗೆ ಯಾರು ಹೋಗಿ ಹೇಳಿದ್ದು?"

ಪುಸ್ತಕವನ್ನು ಶಾಲೆಯಿಂದ ಮತ್ತೆ ತಂದು ಮೊದಲಿನಿಂದ ಹುಡುಕಿದೆ. ಹುಡುಗ ಅಂಗಳ ದಾಟಿದ ಮೇಲೆ ತಾಯಿಯ ಸುದ್ದಿ ಒಂದು ಸಾಲಿನಲ್ಲೂ ಇರಲಿಲ್ಲ.