ನನ್ನ ಭುಜ, ಬೀಗರ ರುಮಾಲು

ಆ ದಿನ ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ನನ್ನ ಬಲಭುಜ ಕಳಚಿತು. ಅದೇನೂ ಸುದ್ದಿಯಲ್ಲ. ಹಿಂದಿನ ತಿಂಗಳು ಉಪ್ಪಿನಕಾಯಿ ಭರಣಿ ಇಳಿಸುವಾಗ ಕಳಚಿತ್ತು, ಅದಕ್ಕೂ ಮೊದಲು ಒಮ್ಮೆ ಜೋರಾಗಿ ಸೀನಿದಾಗ. ನನ್ನ ಹೆಂಡತಿ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಮಾವಾರ, ಮತ್ತ ಬಿತ್ತು ನೋಡ್ರಿ," ಎಂದು ಕೂಗಿ ರೊಟ್ಟಿ ಬಡಿಯತೊಡಗಿದಳು.

ಅಪ್ಪ ಕುರಿಹಟ್ಟಿಯಿಂದ ಬಂದ. ಮಸಗುಪ್ಪಿಯಲ್ಲಿ ನಮ್ಮದು ಕುರಿ ಕಾಯುವ ಮನೆತನ. ಕುರಿಯ ಕಾಲಿನ ಕೀಲು ತಪ್ಪಿದರೆ ಕೂರಿಸುವ ವಿದ್ಯೆ ಅಪ್ಪನಿಗೆ ಅವನ ಅಪ್ಪನಿಂದ ಬಂದಿತ್ತು. ಮನುಷ್ಯರಿಗೂ ಅದನ್ನೇ ಮಾಡುತ್ತಿದ್ದ. ಆದರೆ ಮನುಷ್ಯರನ್ನು ಮೊದಲು ನಗಿಸುತ್ತಿದ್ದ. ನಕ್ಕಾಗ ಮೈ ಸಡಿಲಾಗುತ್ತದೆ, ಅದೇ ಗಳಿಗೆಯಲ್ಲಿ ಎಳೆದರೆ ಕೀಲು ಕೂರುತ್ತದೆ ಎಂದು ಅವನ ನಂಬಿಕೆ. ಒಮ್ಮೆ ಕೇಳಿದ ಮಾತಿಗೆ ಯಾರೂ ಮೈಬಿಟ್ಟು ನಗುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೊಸದು ಬೇಕು. ಹೊಸದೆಲ್ಲವೂ ಘೋಡಗೇರಿಯ ನನ್ನ ಮಾವನ ಮೇಲೆ. ಬೀಗರನ್ನು ಬಿಟ್ಟು ಇನ್ಯಾರನ್ನು ಆಡಿಕೊಳ್ಳಬೇಕು?

ನನ್ನನ್ನು ನೆಲಕ್ಕೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದ.

"ನಿಮ್ಮ ಮಾವ ಸಂಕೇಶ್ವರ ಸ್ಟ್ಯಾಂಡಿನ್ಯಾಗ ಕೇಳಿದ್ನಂತ, ಘೋಡಗೇರಿ ಬಸ್ ಹೋತೇನ್ರಿ ಅಂತ. ಈಗರ ಹೋತು ನೋಡ್ರಿ ಅಂದ್ರಂತ. ಅದಕ್ಕ ನಿಮ್ಮ ಮಾವ, ಹೌದಾ, ಅದ್ರಾಗ ನಾ ಕುಂತಿದ್ನೇನು ನೋಡಿದ್ರೇನ್ರಿ ಅಂದ್ನಂತ."

ನಾನು ನಕ್ಕೆ. ಭುಜ ಟಕ್ಕೆಂದಿತು.

"ಪ್ರತಿ ಸಲ ನಮ್ಮ ಅಪ್ಪನ್ನ ಆಡ್ಕೊಂಡು ನಿಮ್ಮ ಮಗನ ಕೈ ಕೂಡಸ್ತೀರಿ," ಎಂದಳು ಹೆಂಡತಿ. "ಅವಗ ಒಂದು ತೆಂಗಿನಕಾಯಿನರೆ ಕಳಸ್ರಿ." ಕೀಲು ಕೂರಿಸಿದವರಿಗೆ ನಮ್ಮಲ್ಲಿ ಕೊಡುವುದು ಅದೊಂದೇ.

ಮೂವರೂ ನಗುತ್ತ ರೊಟ್ಟಿ ತಿಂದೆವು. ಅಂಥ ಬೆಳಿಗ್ಗೆ ಮತ್ತೆ ಬರಲಿಲ್ಲ.

ಮರುದಿನ ಉಣ್ಣೆ ಕತ್ತರಿಸಲು ಒಂದು ಟಗರನ್ನು ಕೊಂಬು ಹಿಡಿದು ಎಳೆಯುವಾಗ ಭುಜ ಮತ್ತೆ ಜಾರಿತು. ಅಪ್ಪ ಮೂರು ಮಾತು ಹೇಳಿದ. ಎರಡಕ್ಕೆ ನಕ್ಕೆ, ಮೂರನೆಯದಕ್ಕೆ ಅತ್ತೆ. ಕೀಲು ಕೂರಲಿಲ್ಲ. ಟಂಟಂ ಗಾಡಿಯಲ್ಲಿ ಗೋಕಾಕಕ್ಕೆ ಹೋದೆವು. ಅಲ್ಲಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಕೂರಿಸಿದರು. ಆಮೇಲೆ ಸ್ಕ್ಯಾನ್ ಮಾಡಿಸಿ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದರು.

"ಇಲ್ಲೀತನಕ ಎಷ್ಟ ಸಲ ಕಳಚೈತಿ?"

ನನಗೆ ನೆನಪಿರಲಿಲ್ಲ. ಅಪ್ಪ ಕಣ್ಣು ಮುಚ್ಚಿ, ಒಂದೊಂದೇ ನಗೆಮಾತು ನೆನೆದು ಬೆರಳು ಮಡಿಸುತ್ತ ಹೋದ. ನಡುವೆ ಒಂದಕ್ಕೆ ತಾನೇ ನಕ್ಕ. "ಇಪ್ಪತ್ತೊಂದು ಸಲ ರೀ," ಎಂದ.

ಡಾಕ್ಟರು ಚಿತ್ರ ತೋರಿಸಿದರು. ಭುಜದ ಗುಂಡು ಒಂದು ಚಿಕ್ಕ ಬಟ್ಟಲಿನಲ್ಲಿ ಕೂತಿರುತ್ತದೆ. ಪ್ರತಿ ಸಲ ಜಾರುವಾಗಲೂ ಆ ಬಟ್ಟಲಿನ ಮುಂದಿನ ಅಂಚಿನ ಎಲುಬು ಸವೆದಿದೆ. ಈಗ ತಡೆಯಲು ಅಂಚೇ ಇಲ್ಲ. ಬರೀ ಹೊಲಿಗೆ ಹಾಕಿದರೆ ನಿಲ್ಲುವುದಿಲ್ಲ. ಭುಜದ ಮುಂದೆ ಕೊಕ್ಕೆಯಂಥ ಒಂದು ಎಲುಬಿದೆ. ಅದರ ತುದಿಯನ್ನು ಸ್ನಾಯುವಿನ ಸಮೇತ ಕತ್ತರಿಸಿ ತಂದು, ಸವೆದ ಜಾಗಕ್ಕೆ ಸ್ಕ್ರೂ ಹಾಕಿ ಕೂರಿಸಬೇಕು.

"ಅಂದ್ರ ಬದುವು ಒಡದೈತಿ," ಎಂದ ಅಪ್ಪ.

"ಹೌದ್ರಿ ಅಜ್ಜಾರ."

"ಬಾಜೂದ ಕಲ್ಲ ಕಿತ್ತು ತಂದು ಬದುವಿಗಿ ಇಡಾವ್ರು."

"ಅಷ್ಟ ನೋಡ್ರಿ."

ಅಪ್ಪ ಕೇಳಿದ, "ನಾ ಎಳದದ್ದಕ್ಕ ಸವೀತೇನ್ರಿ?"

"ನೀವು ಕುಂಡ್ರಿಸಿದ್ದಕ್ಕಲ್ಲ, ಅದು ಜಾರಿದ್ದಕ್ಕ. ಮೂರ್ನಾಕ ಸಲ ಆದಾಗನ ಬರಬೇಕಿತ್ತು."

"ನಾವು ನಕ್ಕೋಂತ ಕುಂತಿವಿ," ಎಂದ ಅಪ್ಪ.

ಅದು ನಿಜ. ಅಷ್ಟು ನಗುವ ವಿಷಯಕ್ಕೆ ಆಸ್ಪತ್ರೆ ಬೇಕಾಗುತ್ತದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಆಪರೇಷನ್ ನಿಗದಿಯಾಗಿ ಅದು ಆಗುವತನಕದ ಹದಿನೈದು ದಿನ ಅಪ್ಪ ಒಂದೂ ನಗೆಮಾತು ಆಡಲಿಲ್ಲ. ನನ್ನ ಹೆಂಡತಿ ಹೆದರಿದಳು. "ಮಾವಾರಿಗಿ ಆರಾಮಿಲ್ಲೇನ್ರಿ? ನಮ್ಮ ಅಪ್ಪನ ಸುದ್ದಿನ ತಗ್ಯಾವಲ್ರು." ಎಲುಬು ಕತ್ತರಿಸುವುದು ನನಗೂ ಹೆದರಿಕೆಯೇ. ಆದರೆ ಅಪ್ಪ ಮೊದಲಿನಂತೆ ಮಾತಾಡದೆಹೋದರೆ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು.

ಆಪರೇಷನ್ ದಿನ ನನ್ನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು. ಬಾಗಿಲ ಹತ್ತಿರ ಅಪ್ಪ ಓಡಿಬಂದು ಮಂಚದ ಕಂಬಿ ಹಿಡಿದ.

"ಕೇಳ್ ಇಲ್ಲಿ. ನಿಮ್ಮ ಮಾವ ನಮ್ಮ ಹಟ್ಟಿಗಿ ಬಂದು ರುಮಾಲ ಬಿಚ್ಚಿಟ್ಟು ಮಕ್ಕೊಂಡ. ಎದ್ದು ನೋಡ್ತಾನು, ಒಂದ ಕುರಿ ರುಮಾಲ ತಿನ್ನಾಕತೈತಿ. ಅರ್ಧ ಹೊಟ್ಯಾಗ, ಅರ್ಧ ಹೊರಗ. ನಿಮ್ಮ ಮಾವ ಕೈ ಮುಗದು, ಯವ್ವಾ, ನನ್ನ ರುಮಾಲ ಯಾಕ ತಿಂತಿ ಅಂದ. ಅದಕ್ಕ ಕುರಿ ಏನಂತು..."

"ಸರೀರಿ ಅಜ್ಜಾರ, ಒಳಗ ಬರಂಗಿಲ್ಲ," ಎಂದು ಸಿಸ್ಟರ್ ಬಾಗಿಲು ಹಾಕಿಬಿಟ್ಟರು.

"ಅವ ನಗಬೇಕ್ರಿ! ಮೈ ಸಡಲ ಆದ್ರ ಡಾಕ್ಟರಿಗಿ ಸಲೀಸ ಆಕ್ಕೈತಿ!" ಎಂದು ಅಪ್ಪ ಹೊರಗಿನಿಂದ ಕೂಗುತ್ತಿದ್ದ. ನಾನು ನಗುತ್ತಲೇ ಎಚ್ಚರ ತಪ್ಪಿದೆ.

ಎಚ್ಚರಾದಾಗ ಬಲಗೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಯಾರದೋ ಕೈ ನನ್ನ ಹೊಟ್ಟೆಯ ಮೇಲಿದೆ ಎಂದುಕೊಂಡು "ತುಸು ಸರೀರಿ" ಎಂದೆನಂತೆ. ಆಮೇಲೆ, ಹೆಂಡತಿ ಹೇಳುವ ಪ್ರಕಾರ, ನಾನು ಕೇಳಿದ ಮೊದಲ ಪ್ರಶ್ನೆ: "ಕುರಿ ಏನಂತು?"

ಅಪ್ಪನ ಮುಖದಲ್ಲಿ ಹಳೆಯ ಕಳೆ ಬಂತು. "ಈಗ ಹೇಳಂಗಿಲ್ಲ. ಡಾಕ್ಟರು ಹೂಂ ಅಂದಮ್ಯಾಲ ನಿನ್ನ ಎರಡೂ ಕೈಲೆ ನೀನ ರುಮಾಲ ಸುತ್ಕೊ. ಅವತ್ತ ಹೇಳ್ತೇನಿ." ರುಮಾಲು ಸುತ್ತಬೇಕಾದರೆ ಎರಡೂ ಕೈ ತಲೆಯ ಮೇಲೆ ಹೋಗಬೇಕು, ತಿರುಗಬೇಕು. ಅಪ್ಪನಿಗೆ ಎಲ್ಲ ಗೊತ್ತಿತ್ತು.

ಅಲ್ಲಿಂದ ಮುಂದಿನ ದಿನಗಳಲ್ಲಿ ನಮ್ಮ ಮನೆಗೆ ಕುರಿ ಏನಂದಿರಬಹುದೆಂಬ ಹುಚ್ಚು ಹಿಡಿದಿತ್ತು. ಕೈ ಜೋಳಿಗೆಯಲ್ಲಿ ನೇತಾಡುತ್ತಿದ್ದ ವಾರಗಳಲ್ಲಿ ಊರಿಗೇ ಸುದ್ದಿ ಹರಡಿತು. ಚಹಾದಂಗಡಿಯವನು ಅಪ್ಪನಿಗೆ ಒಂದರ ಮೇಲೊಂದು ಚಹಾ ಕೊಟ್ಟು ನೋಡಿದ. "ಉಪ್ಪ ಕಡಿಮಿ ಐತಿ ಅಂದಿರಬೇಕ," ಎಂದಳು ಹೆಂಡತಿ. "ಅಲ್ಲ," ಎಂದ ಅಪ್ಪ. ಜೋಳಿಗೆ ಬಿಚ್ಚಿದ ಮೇಲೆ ನಾನು ಮೂಡಲಗಿಗೆ ಹೋಗಿ ವ್ಯಾಯಾಮ ಕಲಿತು ಬಂದೆ. ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ನಡೆಸುತ್ತ ಕೈ ಏರಿಸಬೇಕು. ಏರಿದಷ್ಟಕ್ಕೆ ಹೆಂಡತಿ ಮಸಿಯಿಂದ ಗೆರೆ ಎಳೆಯುತ್ತಿದ್ದಳು. ನಡುವೆ ನಾನು ಮೋಸಕ್ಕೆ ತುದಿಗಾಲಲ್ಲಿ ನಿಂತರೆ ಅಪ್ಪ ಹಿಂದಿನಿಂದ ಕೋಲಿನಿಂದ ಹಿಮ್ಮಡಿ ಮುಟ್ಟುತ್ತಿದ್ದ.

ಒಂದು ದಿನ ಬೀಗರೇ ಹುಕ್ಕೇರಿಯಲ್ಲಿ ಬಸ್ ಬದಲಿಸಿ ಬಂದಿಳಿದರು. ನೀರು ಕುಡಿಯುವ ಮೊದಲೇ, "ಅಲ್ರಿ ಬೀಗರ, ರುಮಾಲ ನಂದು. ನನಗರೆ ಹೇಳ್ರಿ," ಎಂದರು.

"ನಿಮಗ ಗೊತ್ತಿರಬೇಕಲ್ರಿ, ಕುರಿ ನಿಮ್ಮ ಕೂಡನ ಮಾತಾಡೇತಿ," ಎಂದ ಅಪ್ಪ.

ಬೀಗರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದು ಅವರು ರುಮಾಲನ್ನು ತೊಡೆಯ ಕೆಳಗಿಟ್ಟುಕೊಂಡು ಊಟಕ್ಕೆ ಕೂತರು.

ಮೂರನೆಯ ತಿಂಗಳಲ್ಲಿ ನನ್ನ ಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ಅಪ್ಪ ಕುರಿಗಳ ನಡುವೆ, ಬೇವಿನ ಬುಡಕ್ಕೆ ಒರಗಿ ಕೂತವನು ಏಳಲಿಲ್ಲ. ಹೃದಯ ನಿಂತಿತ್ತು ಎಂದರು. ಮೈ ಇನ್ನೂ ಬೆಚ್ಚಗಿತ್ತು.

ಡಾಕ್ಟರು ಬಲಭುಜಕ್ಕೆ ಭಾರ ಬೇಡ ಎಂದಿದ್ದರಿಂದ ಎಡಹೆಗಲು ಕೊಟ್ಟೆ. ಮಣ್ಣು ಮಾಡಿ ಬರುವಾಗ ಬೀಗರು ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು. ಮೆಲ್ಲಗೆ, "ನಿನಗರೆ ಹೇಳಿದ್ನೇನೋ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಅವರು ನನ್ನ ಮುಖ ನೋಡಿದರು, ನಾನು ಅವರ ರುಮಾಲು ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಿಂದೆ ಬರುತ್ತಿದ್ದವರು ನಮಗೆ ದುಃಖ ನೆತ್ತಿಗೇರಿದೆ ಎಂದುಕೊಂಡು ನೀರು ಕುಡಿಸಿದರು.

ಈಗ ನಾನು ರುಮಾಲು ಸುತ್ತಿಕೊಳ್ಳುತ್ತೇನೆ. ಕೈ ಹೊರಕ್ಕೆ ಮೊದಲಿಗಿಂತ ತುಸು ಕಡಿಮೆ ತಿರುಗುತ್ತದೆ. ಹಾಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಭುಜ ಒಂದು ಸಲವೂ ಜಾರಿಲ್ಲ. ಕುರಿ ಏನಂತು ಎಂಬುದು ನನಗೆ ಗೊತ್ತಿಲ್ಲ.