ಹಿಕ್ಕೆಯಣ್ಣನ ಕಿವಿ

ಹುಲ್ಲುಗಾವಲಿನ ಕಾವಲಿಗೆ ಸೇರಿ ಇಪ್ಪತ್ತೆಂಟು ವರ್ಷವಾದ ಅವನನ್ನು ಎಲ್ಲರೂ ಹಿಕ್ಕೆಯಣ್ಣ ಎಂದೇ ಕರೆಯುತ್ತಿದ್ದರು. ಅಲ್ಲಿನ ಒರಟುಗೂದಲ ಮೊಲ ಮನುಷ್ಯರ ಕಣ್ಣಿಗೆ ಬೀಳುವುದಿಲ್ಲ. ಅದು ಇದೆ ಎನ್ನುವುದಕ್ಕೆ ನೆಲದ ಮೇಲಿನ ಹಿಕ್ಕೆಯೇ ಸಾಕ್ಷಿ. ಮೊಣಕಾಲೂರಿ ಅದನ್ನು ಎಣಿಸುವುದು ಇವನ ಕೆಲಸ. ಅದೇ ಹುಲ್ಲಿನಲ್ಲಿ ಗೂಡು ಕಟ್ಟುವ ಕಂದು ಹಾಡುಹಕ್ಕಿಯದು ಬೇರೆ ಕಥೆ. ಬೆಳಗ್ಗೆ ಸಣ್ಣ ಕೀಚುದನಿಯಲ್ಲಿ ಹಾಡುತ್ತದೆ, ಇವನ ಕಿವಿಗೆ ಕೇಳಿಸಿದಷ್ಟೇ ಲೆಕ್ಕ. ಎರಡರ ಕುಲವೂ ಮುಗಿಯುತ್ತ ಬಂದಿದೆ. ಮೊಲಕ್ಕೆ ಎಳೆ ಚಿಗುರು ಬೇಕು, ಹಳೆ ಹುಲ್ಲು ಕೊಯ್ದರೆ ಮಾತ್ರ ಅದು ಬರುವುದು. ಹಕ್ಕಿಗೆ ಮರಿ ಹಾರುವ ತನಕ ಆ ಹಳೆ ಹುಲ್ಲೇ ಮನೆ.

ಈ ಸಲದ ಎಣಿಕೆ: ಹಿಕ್ಕೆ ನಲವತ್ತು ಕಡೆ, ಹಕ್ಕಿ ಸೊನ್ನೆ. ಹಕ್ಕಿ ಇಲ್ಲವೆಂದ ಮೇಲೆ ಅಡ್ಡಿಯೇನೆಂದು ಕಚೇರಿಯ ಸಾಹೇಬರು ಸೋಮವಾರವೇ ಕೊಯ್ಲಿನ ಯಂತ್ರ ಇಳಿಸಲು ಹೇಳಿದರು.

ಭಾನುವಾರ ಬೆಳಗ್ಗೆ ತಿಂಡಿ ಡಬ್ಬಿ ತಂದ ಮಗಳು ಹುಲ್ಲಿನ ಅಂಚಿನಲ್ಲೇ ನಿಂತುಬಿಟ್ಟಳು.

"ಅಪ್ಪಾ, ಏನು ಗಲಾಟೆ ಇವುಗಳದ್ದು!"

"ಯಾವುದರದ್ದು?"

"ನಿನ್ನ ಹಕ್ಕಿಗಳದ್ದು! ಅಮ್ಮ ಬೈದಾಗ ಕಿವುಡನ ನಾಟಕ ಆಡ್ತೀಯ ಅಂದ್ಕೊಂಡಿದ್ವಿ. ನಿಜವಾಗ್ಲೂ ಕೇಳಲ್ವಾ?"

ಎರಡು ವರ್ಷದಿಂದ ಅವನಿಗೇ ಗುಮಾನಿ ಇತ್ತು. ಕೆಲಸ ಹೋದೀತೆಂದು ಬಾಯಿ ಹೊಲಿದುಕೊಂಡಿದ್ದ. ಬಡವನ ಸುಳ್ಳು ಎಂದು ಅದಕ್ಕೆ ಬೆಣ್ಣೆ ಹಚ್ಚಬೇಕಿಲ್ಲ, ಸುಳ್ಳು ಸುಳ್ಳೇ.

ಮರುದಿನ ಕಚೇರಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತ.

"ಸಾರ್, ಯಂತ್ರ ನಿಲ್ಸಿ. ಹಕ್ಕಿ ಇವೆ. ಸಣ್ಣ ದನಿಗೆ ನನ್ನ ಕಿವಿ ಸತ್ತಿದೆ."

"ಹಾಗಾದ್ರೆ ಸೊನ್ನೆ ಅಂತ ಯಾಕಯ್ಯಾ ಬರೆದೆ? ನಿನ್ನ ಹಿಕ್ಕೆ ಲೆಕ್ಕಾನ ಇನ್ನು ಹೇಗೆ ನಂಬಲಿ?"

"ಹಿಕ್ಕೆ ಹಾಡಲ್ಲ ಸಾರ್. ಕಣ್ಣು ಚೆನ್ನಾಗಿದೆ."

ಗುಮಾಸ್ತ ಕಿಸಕ್ಕನೆ ನಕ್ಕ. ಸಾಹೇಬರು ನಗಲಿಲ್ಲ. ಯಂತ್ರ ನಿಲ್ಲಿಸಿದರು, ಎರಡೂ ಎಣಿಕೆಗೆ ಅಡ್ಡಗೆರೆ ಎಳೆದರು, ಇವನನ್ನು ಮನೆಗೆ ಕಳಿಸಿದರು. ಹೊಸಬ ಬಂದು ಎಣಿಸುವ ತನಕ ಒಂದು ಕಡ್ಡಿಯೂ ಕೊಯ್ಯಕೂಡದೆಂದು ಆದೇಶವಾಯಿತು. ಹೊಸಬ ಬರುವುದು ಮುಂದಿನ ವರ್ಷ. ಅಷ್ಟರವರೆಗೆ ಮೊಲ ಏನು ತಿನ್ನಬೇಕೆಂದು ಆದೇಶದಲ್ಲಿ ಇರಲಿಲ್ಲ.

ಮೂರನೇ ದಿನ ಬೆಳಗ್ಗೆ ಅವನು ಕುಡುಗೋಲು ಹಿಡಿದು, ಮಗಳನ್ನು ಕರೆದುಕೊಂಡು ಹುಲ್ಲಿನ ಅಂಚಿಗೆ ಬಂದ.

"ಎಲ್ಲಿ ಹಾಡು ಇಲ್ವೋ ಅಲ್ಲಿ ಬೆರಳು ಮಾಡಮ್ಮ. ಒಂದು ಚಾಪೆಯಷ್ಟು ಕೊಯ್ದು ಬಿಡ್ತೀನಿ. ಮೊಲಕ್ಕೆ ಅಷ್ಟಾದ್ರೂ ಚಿಗುರಲಿ."

ಮಗಳು ಆ ತುದಿಯಿಂದ ಈ ತುದಿಗೆ ನಡೆದು ತಿರುಗಿ ಬಂದಳು. ಅವಳ ಬೆರಳು ಮೇಲೇಳಲಿಲ್ಲ.

"ಎಲ್ಲಾ ಕಡೆನೂ ಇವೆ, ಅಪ್ಪಾ."